ಕ್ಷಯಕ್ಕೆ ಲಸಿಕೆ ಕೊಟ್ಟ ಆಲ್ಬರ್ಟ್ ಕಾಲ್ಮೆಟ್

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಎಡತೋಳಿನಲ್ಲಿ ಒಂದು ಪುಟ್ಟ ದುಂಡನೆಯ ಕಲೆ ಇದೆ. ಸ್ವಲ್ಪ ಹಿರಿಯರಾದರೆ ಅದರ ಜೊತೆಗೆ ಸಿಡುಬಿನ ಲಸಿಕೆಯ ದೊಡ್ಡ ಗುರುತೂ ಇರುತ್ತದೆ. ಚಿಕ್ಕ ಕಲೆ ಬಿ.ಸಿ.ಜಿ. ಲಸಿಕೆಯದು. ಬಿ ಎಂದರೆ ಬ್ಯಾಸಿಲಸ್, ಸಿ ಎಂದರೆ ಕಾಲ್ಮೆಟ್, ಜಿ ಎಂದರೆ ಗೆರಾನ್. ಇಬ್ಬರು ಮನುಷ್ಯರ ಹೆಸರನ್ನು ನಾವು ತೋಳಿನ ಮೇಲೆ ಹೊತ್ತು ತಿರುಗುತ್ತಿದ್ದೇವೆ. ಅವರಲ್ಲಿ ಮೊದಲನೆಯವರ ಬದುಕಿನ ಕಥೆ ಇದು.

ಆಲ್ಬರ್ಟ್ ಕಾಲ್ಮೆಟ್ ಹುಟ್ಟಿದ್ದು 1863ರ ಜುಲೈ 12ರಂದು, ಫ್ರಾನ್ಸಿನ ಕಡಲತೀರದ ನೀಸ್ ಪಟ್ಟಣದಲ್ಲಿ. ಬಾಲಕನಿಗೆ ನೌಕಾಪಡೆಯ ಅಧಿಕಾರಿಯಾಗುವ ಆಸೆ. ವಿಷಮಶೀತ ಜ್ವರ ಬಂದು ಆ ಆಸೆ ಮುರಿಯಿತು. ಆದರೂ ಕಡಲನ್ನು ಬಿಡಲಿಲ್ಲ, ನೌಕಾಪಡೆಯ ವೈದ್ಯನಾದರು. ಹಾಂಗ್‌ಕಾಂಗ್, ಆಫ್ರಿಕಾದ ಗಬೋನ್ ಮುಂತಾದ ಕಡೆಗಳಲ್ಲಿ ಕೆಲಸ ಮಾಡಿ, 1890ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಸೂಕ್ಷ್ಮಜೀವಿ ಶಾಸ್ತ್ರ ಕಲಿಯಲು ಬಂದರು. ಮರುವರ್ಷವೇ ಲೂಯಿ ಪಾಶ್ಚರ್ ಅವರನ್ನು ಇಂದಿನ ವಿಯೆಟ್ನಾಮಿನ ಸೈಗಾನ್ ನಗರಕ್ಕೆ, ಅಲ್ಲೊಂದು ಪ್ರಯೋಗಾಲಯ ತೆರೆಯಲು ಕಳುಹಿಸಿದರು.

ಸೈಗಾನಿನಲ್ಲಿ ಕಾಲ್ಮೆಟ್ ಎಮ್ಮೆಕರುಗಳನ್ನು ಬಳಸಿ ಸಿಡುಬಿನ ಲಸಿಕೆ ತಯಾರಿಸಿದರು. ಹುಚ್ಚುನಾಯಿ ಕಡಿತಕ್ಕೂ ಚಿಕಿತ್ಸೆ ಆರಂಭಿಸಿದರು. ನೆರೆ ಬಂದು ನಾಗರಹಾವುಗಳು ಊರೊಳಗೆ ನುಗ್ಗಿ ಜನರನ್ನು ಕಚ್ಚಿದ ಘಟನೆಯೊಂದು ಅವರ ಗಮನವನ್ನು ಹಾವಿನ ವಿಷದತ್ತ ತಿರುಗಿಸಿತು. ಅಲ್ಲಿ ಹಿಡಿದ ಸಂಶೋಧನೆಯ ಎಳೆಯನ್ನು ಫ್ರಾನ್ಸಿನಲ್ಲಿ ಮುಂದುವರಿಸಿ, ವಿಷವನ್ನು ಅಳೆದು ಸ್ವಲ್ಪ ಸ್ವಲ್ಪವಾಗಿ ಪ್ರಾಣಿಗಳಿಗೆ ಕೊಟ್ಟು, ಅವುಗಳ ರಕ್ತದಿಂದ ಪ್ರತಿವಿಷ ತೆಗೆದರು. ಹೊಲಗದ್ದೆಗಳಲ್ಲಿ ದುಡಿಯುವ ನಮ್ಮಂಥವರು ಈ ಒಂದು ಕೆಲಸಕ್ಕಾಗಿಯೇ ಅವರನ್ನು ನೆನೆಯಬಹುದು.

1895ರಲ್ಲಿ ಅವರು ಉತ್ತರ ಫ್ರಾನ್ಸಿನ ಲೀಲ್ ನಗರದ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದರು. ಲೀಲ್ ಬಟ್ಟೆ ಗಿರಣಿಗಳ ಊರು. ಇಕ್ಕಟ್ಟಿನ ಮನೆಗಳಲ್ಲಿ ಕೂಲಿಕಾರರ ಕುಟುಂಬಗಳನ್ನು ಕ್ಷಯ ತಿನ್ನುತ್ತಿತ್ತು. ಕಾಲ್ಮೆಟ್ 1901ರಲ್ಲಿ ಅವರಿಗಾಗಿ ಚಿಕಿತ್ಸಾ ಕೇಂದ್ರವೊಂದನ್ನು ತೆರೆದರು. ಆದರೆ ಆಗ ಕ್ಷಯಕ್ಕೆ ಗುಣಪಡಿಸುವ ಔಷಧವೇ ಇರಲಿಲ್ಲ. ರೋಗ ಬಂದ ಮೇಲೆ ಮಾಡುವುದು ಕಡಿಮೆ, ಬರುವ ಮುನ್ನವೇ ಮಕ್ಕಳನ್ನು ಕಾಯಬೇಕು ಎಂಬುದು ಅವರಿಗೆ ಮನದಟ್ಟಾಯಿತು.

ಈ ಕೆಲಸಕ್ಕೆ ಜೊತೆಯಾದವರು ಪಶುವೈದ್ಯ ಕಾಮಿ ಗೆರಾನ್. ಬಾಲ್ಯದಲ್ಲೇ ತಂದೆಯನ್ನು ಕ್ಷಯಕ್ಕೆ ಕಳೆದುಕೊಂಡವರು. ಇಬ್ಬರೂ ಹಸುವಿನಿಂದ ದೊರೆತ ಕ್ಷಯದ ಬ್ಯಾಕ್ಟೀರಿಯಾವನ್ನು ಗ್ಲಿಸರಿನ್ ಬೆರೆಸಿದ ಆಲೂಗಡ್ಡೆಯ ಮೇಲೆ ಬೆಳೆಸುತ್ತಿದ್ದರು. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತಿದ್ದುದರಿಂದ ಅದಕ್ಕೆ ಎತ್ತಿನ ಪಿತ್ತರಸ ಸೇರಿಸಿದರು. ಗಂಟು ಬಿಟ್ಟಿತು, ಜೊತೆಗೆ ಬ್ಯಾಕ್ಟೀರಿಯಾದ ಉಗ್ರತೆಯೂ ಮೆಲ್ಲನೆ ಇಳಿಯತೊಡಗಿತು. ಆಗ 1908. ಅಂದಿನಿಂದ ಸುಮಾರು ಮೂರು ವಾರಕ್ಕೊಮ್ಮೆ ಅದನ್ನು ಹೊಸ ಆಲೂಗಡ್ಡೆಗೆ ಬದಲಿಸುತ್ತಾ ಹೋದರು. ಹದಿಮೂರು ವರ್ಷ, ಒಟ್ಟು 230 ಸಲ!

ನಡುವೆ 1914ರಲ್ಲಿ ಯುದ್ಧ ಬಂತು. ಅದೇ ವರ್ಷ ಪತ್ರಿಕಾ ಸಂಪಾದಕರಾಗಿದ್ದ ಅವರ ಅಣ್ಣ ಗಾಸ್ಟನ್ ಕಚೇರಿಯಲ್ಲೇ ಗುಂಡೇಟಿಗೆ ಬಲಿಯಾದರು. ಲೀಲ್ ನಗರ ಜರ್ಮನರ ವಶವಾಯಿತು. ಆಲೂಗಡ್ಡೆಗೂ ಪಿತ್ತರಸಕ್ಕೂ ಪರದಾಡಬೇಕಾಯಿತು. ಆದರೂ ಒಂದು ಸರದಿಯೂ ತಪ್ಪದಂತೆ ಬ್ಯಾಕ್ಟೀರಿಯಾವನ್ನು ಉಳಿಸಿಕೊಂಡರು. ಕೊನೆಗೆ ಅದು ಪ್ರಾಣಿಗಳಿಗೆ ಕ್ಷಯ ತರುವ ಶಕ್ತಿಯನ್ನೇ ಕಳೆದುಕೊಂಡಿತ್ತು.

1921ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕೂಸೊಂದು ಹುಟ್ಟಿತು. ತಾಯಿ ಕ್ಷಯದಿಂದ ತೀರಿಕೊಂಡಿದ್ದಳು. ಸಾಕಬೇಕಾದ ಅಜ್ಜಿಗೂ ಅದೇ ರೋಗ. ವೈದ್ಯ ವೇಲ್-ಹಾಲೆ ಆ ಮಗುವಿಗೆ ಬಾಯಿಯ ಮೂಲಕ ಲಸಿಕೆ ಕೊಟ್ಟರು. ಮಗು ಕ್ಷಯಕ್ಕೆ ತುತ್ತಾಗದೆ ಬೆಳೆಯಿತು. 1928ರ ಹೊತ್ತಿಗೆ ಫ್ರಾನ್ಸಿನಲ್ಲಿ ಲಕ್ಷಕ್ಕೂ ಮೀರಿ ಶಿಶುಗಳಿಗೆ ಲಸಿಕೆ ಸಿಕ್ಕಿತ್ತು.

ಆಮೇಲೆ ಬಂದದ್ದು 1930. ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಲಸಿಕೆ ಪಡೆದ ಸುಮಾರು 250 ಶಿಶುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಕ್ಷಯದಿಂದಲೇ ಸತ್ತರು. ಜಗತ್ತು ಬೆಚ್ಚಿಬಿತ್ತು, ಎಲ್ಲ ಬೆರಳುಗಳೂ ಕಾಲ್ಮೆಟ್ ಅವರತ್ತ ತಿರುಗಿದವು. ತನಿಖೆ, ವಿಚಾರಣೆ ದೀರ್ಘಕಾಲ ನಡೆಯಿತು. ಪ್ಯಾರಿಸ್ಸಿನಿಂದ ಹೋದ ಲಸಿಕೆಯಲ್ಲಿ ದೋಷವಿರಲಿಲ್ಲ. ಲ್ಯೂಬೆಕ್ಕಿನ ಪ್ರಯೋಗಾಲಯದಲ್ಲಿ ಉಗ್ರವಾದ ಕ್ಷಯದ ಬ್ಯಾಕ್ಟೀರಿಯಾ ಅದಕ್ಕೆ ಬೆರೆತಿತ್ತು. 1932ರಲ್ಲಿ ಅಲ್ಲಿನ ಹೊಣೆಗಾರರಿಗೆ ಶಿಕ್ಷೆಯಾಯಿತು. ಕಾಲ್ಮೆಟ್ ಮೇಲಿನ ಅಪವಾದ ನೀಗಿತು, ಆದರೆ ಮಕ್ಕಳನ್ನು ಕಾಯಲೆಂದು ಬದುಕು ಸವೆಸಿದವರಿಗೆ ಅಷ್ಟು ಮಕ್ಕಳ ಸಾವು ತಾಳಲಾರದ ಪೆಟ್ಟು. 1933ರ ಅಕ್ಟೋಬರ್ 29ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಗೆರಾನ್ 1961ರವರೆಗೆ ಬದುಕಿದ್ದು ಲಸಿಕೆ ಜಗತ್ತನ್ನೆಲ್ಲ ಸುತ್ತಿದ್ದನ್ನು ಕಂಡರು.

ನಮ್ಮ ದೇಶಕ್ಕೆ ಬಿ.ಸಿ.ಜಿ. ಬಂದದ್ದು 1948ರಲ್ಲಿ, ಮದರಾಸಿನ ಗಿಂಡಿಯಲ್ಲಿ ಲಸಿಕೆ ತಯಾರಾಗತೊಡಗಿತು. 1950ರ ದಶಕದಲ್ಲಿ ರಾಜಾಜಿಯವರಂಥ ಹಿರಿಯರೇ ಇದನ್ನು ವಿರೋಧಿಸಿದ್ದೂ ಉಂಟು. ಮುಂದೆ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ನಡೆದ ದೊಡ್ಡ ಅಧ್ಯಯನ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯಲಾರದೆಂದು ತೋರಿಸಿತು. ಆದರೆ ಹಸುಳೆಗಳ ಮಿದುಳಿನ ಪೊರೆಗೆ ತಗಲುವ ಮತ್ತು ಮೈಯೆಲ್ಲ ಹರಡುವ ಮಾರಕ ಕ್ಷಯದಿಂದ ಅದು ಕಾಪಾಡುತ್ತದೆ. ಆದ್ದರಿಂದಲೇ ಇಂದಿಗೂ ಹುಟ್ಟಿದ ಕೂಡಲೇ ಎಡತೋಳಿಗೆ ಇದನ್ನು ಚುಚ್ಚುತ್ತಾರೆ.

ಇದರಿಂದ ಊರಿನವರು ತಿಳಿಯಬೇಕಾದದ್ದು ಎರಡು. ಕೂಸಿಗೆ ಬಿ.ಸಿ.ಜಿ. ತಪ್ಪಿಸಬಾರದು. ತೋಳಿನಲ್ಲಿ ಕಲೆಯಿದೆಯೆಂದು ದೊಡ್ಡವರು ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಇನ್ನು ವಿದ್ಯಾರ್ಥಿಗಳಿಗೆ: ಒಂದೆರಡು ಸಲ ಬಾರದ ಲೆಕ್ಕವನ್ನು ಕೈಬಿಡುವ ಮುನ್ನ ಆ 230 ಆಲೂಗಡ್ಡೆಗಳನ್ನು ಒಮ್ಮೆ ನೆನೆಯಿರಿ.