ಮರಳುಗಾಡಿನ ಚಿತ್ರಕಾರ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಅಂಚಿನಲ್ಲಿದ್ದ ಸ್ಟಾಕ್‌ಬ್ರಿಜ್ ಎಂಬ ಊರಿನಲ್ಲಿ, ಪಾದರಕ್ಷೆ ಹೊಲಿದು ಜೀವಿಸುತ್ತಿದ್ದ ಬಡವನೊಬ್ಬನ ಮನೆಯಲ್ಲಿ, 1796ರ ಅಕ್ಟೋಬರ್ 24ರಂದು ಡೇವಿಡ್ ರಾಬರ್ಟ್ಸ್ ಜನಿಸಿದನು. ಬೀದಿಯಲ್ಲಿ ಕಂಡ ಪ್ರಾಣಿಗಳ ಚಿತ್ರಗಳನ್ನು ತಾಯಿಗೆ ತೋರಿಸಬೇಕೆಂದು ಆ ಬಾಲಕನು ಅಡಿಗೆಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಬರೆಯುತ್ತಿದ್ದನು. ಕಾಗದ ಕೊಳ್ಳುವ ಅನುಕೂಲವಿಲ್ಲದ ಮನೆಯಲ್ಲಿ ಗೋಡೆಯೇ ಅವನ ಮೊದಲ ಪಟವಾಯಿತು.

ಮಗನ ಕೈಚಳಕವನ್ನು ಕಂಡವರು ಅವನನ್ನು ಕಲಾಶಾಲೆಗೆ ಸೇರಿಸಲಿಲ್ಲ. ಸೇರಿಸುವ ಶಕ್ತಿ ಆ ಮನೆಗಿರಲಿಲ್ಲ. ಮನೆಗಳಿಗೆ ಬಣ್ಣ ಬಳಿಯುವ ಕಸುಬುದಾರನೊಬ್ಬನಲ್ಲಿ ಅವನು ಏಳು ವರ್ಷ ದುಡಿದನು. ಮರದ ಮೇಲೆ ಅಮೃತಶಿಲೆಯ ಭ್ರಮೆ ಹುಟ್ಟಿಸುವಂಥ ಆ ಕೆಲಸವನ್ನು ಕೀಳೆಂದು ಬಗೆಯಲಾಗದು. ಕಲ್ಲಿನ ಮೈಯನ್ನು ಕುಂಚದಲ್ಲಿ ಹಿಡಿಯುವ ವಿದ್ಯೆ ಅವನಿಗೆ ದಕ್ಕಿದ್ದು ಅಲ್ಲಿಯೇ. ಮುಂದೆ ಸರ್ಕಸ್ಸಿನ ಕಂಪನಿಗೂ ನಾಟಕಶಾಲೆಗಳಿಗೂ ಪರದೆ ಬರೆಯುತ್ತ, 1822ರಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯನ್ನು ಸೇರಿದನು. ಸಂಸಾರ ಮಾತ್ರ ಸುಖವಾಗಿರಲಿಲ್ಲ. ನಟಿಯಾಗಿದ್ದ ಹೆಂಡತಿ ಮದ್ಯದ ಚಟಕ್ಕೆ ಬಿದ್ದಳು. ಮಗಳೊಬ್ಬಳೇ ಅವನ ಪಾಲಿನ ಸಂತೋಷವಾಗಿ ಉಳಿದಳು.

ಸ್ಪೇನ್ ದೇಶದ ಚಿತ್ರಗಳಿಂದ ಹೆಸರು ಬಂದ ಮೇಲೆ, 1838ರಲ್ಲಿ ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ಅವನು ಈಜಿಪ್ಟಿಗೆ ಹೊರಟನು. ದೋಣಿಯೊಂದನ್ನು ಬಾಡಿಗೆಗೆ ಹಿಡಿದು ನೈಲ್ ನದಿಯಲ್ಲಿ ಮೇಲಕ್ಕೆ ಸಾಗುತ್ತ ನವೆಂಬರಿನಲ್ಲಿ ಅಬು ಸಿಂಬೆಲ್ ತಲಪಿದನು. ಅಲ್ಲಿ ಬೆಟ್ಟವನ್ನೇ ಕಡೆದು ಮಾಡಿದ ಸುಮಾರು ಇಪ್ಪತ್ತು ಮೀಟರು ಎತ್ತರದ ವಿಗ್ರಹಗಳು ಮರಳಿನ ರಾಶಿಯ ನಡುವೆ ಕುಳಿತಿದ್ದವು. ಬಂದುಹೋದ ಪ್ರವಾಸಿಗಳು ಅವುಗಳ ಮೇಲೆ ತಮ್ಮ ಹೆಸರುಗಳನ್ನು ಕೊರೆದಿದ್ದುದನ್ನು ಕಂಡು ಅವನು ಸಿಡಿಮಿಡಿಗೊಂಡನು. ಈ ಚಾಳಿ ಯಾವ ದೇಶಕ್ಕೂ ಹೊಸದಲ್ಲವಷ್ಟೆ!

ಕೈರೋ ನಗರದ ಮಸೀದಿಗಳ ಒಳಗೆ ಕುಳಿತು ಬರೆಯಲು ಅವನಿಗೆ ಅನುಮತಿ ದೊರೆಯಿತು. ಆದರೆ ಆ ನಾಡಿನ ಉಡುಪನ್ನೇ ಧರಿಸಬೇಕು, ಹಂದಿಯ ಕೂದಲಿನ ಕುಂಚವನ್ನು ಒಳಗೆ ತರಕೂಡದು ಎಂಬ ನಿಬಂಧನೆಗಳಿದ್ದವು. ರಾಬರ್ಟ್ಸನು ಎರಡಕ್ಕೂ ಒಪ್ಪಿದನು. 1839ರ ಫೆಬ್ರವರಿಯಲ್ಲಿ ಒಂಟೆಗಳ ಸಾಲಿನೊಡನೆ ಸಿನಾಯ್ ಮರಳುಗಾಡನ್ನು ಹೊಕ್ಕು, ಕೆಂಬಂಡೆಯಲ್ಲಿ ಕೊರೆದ ಪೆಟ್ರಾ ನಗರವನ್ನೂ ಜೆರೂಸಲೇಮನ್ನೂ ಬಾಲ್ಬೆಕ್ಕಿನ ಹಾಳುದೇಗುಲಗಳನ್ನೂ ಕಂಡು, ಇನ್ನೂರ ಎಪ್ಪತ್ತಕ್ಕೂ ಮಿಕ್ಕಿದ ರೇಖಾಚಿತ್ರಗಳೊಡನೆ ಸ್ವದೇಶಕ್ಕೆ ಮರಳಿದನು.

ಆ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವನು ಲೂಯಿ ಹಾಘ್. ಹುಟ್ಟಿನಿಂದಲೇ ಬಲಗೈ ಊನವಾಗಿದ್ದ ಈ ಕಲಾವಿದನು ಎಡಗೈಯಿಂದಲೇ ಸುಮಾರು ಇನ್ನೂರೈವತ್ತು ಚಿತ್ರಗಳ ಕಾರ್ಯವನ್ನು ನಿರ್ವಹಿಸಿದನೆಂಬುದು ಅಚ್ಚರಿಯ ಸಂಗತಿ. 1842ರಿಂದ 1849ರವರೆಗೆ ಸಂಪುಟಗಳು ಹೊರಬಂದವು. ವಿಕ್ಟೋರಿಯಾ ರಾಣಿಯೂ ಚಂದಾದಾರಳಾದಳು. ಅಷ್ಟರಲ್ಲಿ, 1841ರಲ್ಲಿ, ಕಲಾಶಾಲೆಯ ಶಿಕ್ಷಣವನ್ನು ಸರಿಯಾಗಿ ಕಾಣದ ಆ ಬಣ್ಣಗಾರನು ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾಗಿದ್ದನು. ಚಿತ್ರದ ಅಂದಕ್ಕಾಗಿ ಅವನು ಕೆಲವೆಡೆ ದೃಶ್ಯವನ್ನು ತುಸು ಬದಲಿಸಿದ್ದುಂಟು. ನಾಟಕದ ಪರದೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವಂಥದೆ?

ಲಂಡನ್ನಿನ ಸಂತ ಪಾಲರ ದೇವಾಲಯದ ಚಿತ್ರವೊಂದರಲ್ಲಿ ತೊಡಗಿದ್ದಾಗ, 1864ರ ನವೆಂಬರ್ 25ರಂದು ಅವನು ತೀರಿಕೊಂಡನು. ಅದಾದ ಒಂದು ಶತಮಾನಕ್ಕೆ ಆಸ್ವಾನಿನ ಹೊಸ ಅಣೆಕಟ್ಟಿನಿಂದಾಗಿ ನೈಲ್ ನದಿಯ ನೀರು ಏರತೊಡಗಿತು. 1964ರಿಂದ 1968ರವರೆಗೆ ಅಬು ಸಿಂಬೆಲ್ಲಿನ ದೇಗುಲಗಳನ್ನು ತುಂಡುತುಂಡಾಗಿ ಕೊಯ್ದು, ಮೇಲಿನ ದಿಬ್ಬದಲ್ಲಿ ಮರಳಿ ಜೋಡಿಸಲಾಯಿತು. ರಾಬರ್ಟ್ಸನು ಕುಳಿತು ಬರೆದ ಆ ಮರಳದಂಡೆ ಇಂದು ಜಲಾಶಯದ ತಳದಲ್ಲಿದೆ.