ಚಾಳ್‌ನಿಂದ ಕಾಲೊನಿಗೆ: ಅಂಬೇಡ್ಕರ್ ಕಟ್ಟಿದ ಮನೆ

ಮುಂಬೈನ ದಾದರ್‌ನಲ್ಲಿರುವ ಹಿಂದೂ ಕಾಲೊನಿ ಒಂದು ಕಾಲಕ್ಕೆ ಊರಾಚೆಯ ಹೊಸ ಬಡಾವಣೆ. 1896ರ ಪ್ಲೇಗ್ ನಂತರ, 1898ರಲ್ಲಿ ಬ್ರಿಟಿಷ್ ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಆ ಟ್ರಸ್ಟ್ ಎರಡು ಥರದ ನಗರ ಕಟ್ಟಿತು. ಪರೇಲ್‌ನಂಥ ಕಡೆ ಕಾರ್ಮಿಕರಿಗೆ ಸಣ್ಣ ಕೋಣೆಗಳ ಚಾಳ್; ದಾದರ್, ಮಾಟುಂಗಾದಲ್ಲಿ ಮಧ್ಯಮವರ್ಗಕ್ಕೆ ಅಗಲ ರಸ್ತೆ, ಸಾಲುಮರ, ಸೈಟು. ನಡುವಿನ ದೂರ ಕೆಲವೇ ಕಿಲೋಮೀಟರ್. ಅದನ್ನು ದಾಟೋಕೆ ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ಸುಮಾರು ಎರಡು ದಶಕ ಬೇಕಾಯ್ತು.

1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಅವರು, ಮುಂಬೈನಲ್ಲಿ ಬೆಳೆದಿದ್ದು ಚಾಳ್‌ನಲ್ಲೇ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದಾಗ ತಲೆಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ಛತ್ರವೊಂದರಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸಿತು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬ ಮನೆಯಾಳುಗಳ ನೆಪ ಹೇಳಿದ, ಇನ್ನೊಬ್ಬ ಹೆಂಡತಿಯ ನೆಪ. ಪಾರ್ಕಿನಲ್ಲಿ ಕೂತು ಸಂಜೆ ಕಳೆದು, ರಾತ್ರಿ ರೈಲಿಗೆ ಮುಂಬೈಗೆ ವಾಪಸ್.

ಮುಂಬೈನಲ್ಲಿ ಇದ್ದದ್ದು ಪರೇಲ್‌ನ ಟ್ರಸ್ಟ್ ಚಾಳ್‌ನ ಎರಡು ಕೋಣೆ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಪುಸ್ತಕ. 1927ರ ಮಹಾಡ್ ಸತ್ಯಾಗ್ರಹ, ದುಂಡುಮೇಜಿನ ಸಭೆ, 1932ರ ಪೂನಾ ಒಪ್ಪಂದ, ಎಲ್ಲವೂ ನಡೆದದ್ದು ಈ ವಿಳಾಸದಿಂದ. ರಮಾಬಾಯಿ ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡರು. ಉಳಿದದ್ದು ಯಶವಂತ ಒಬ್ಬನೇ.

1930ರ ದಶಕದ ಆರಂಭದಲ್ಲಿ ಹಿಂದೂ ಕಾಲೊನಿಯಲ್ಲಿ ಮನೆ ಎದ್ದಿತು. ಅಕ್ಕಪಕ್ಕ ಹೆಚ್ಚಿನವರು ಮೇಲ್ಜಾತಿಯ ಮಧ್ಯಮವರ್ಗ. ಮನೆಗೆ ಇಟ್ಟ ಹೆಸರು ರಾಜಗೃಹ, ಬುದ್ಧನ ಕಾಲದ ಮಗಧದ ರಾಜಧಾನಿಯದು. ಕೆಳಗೆ ಕುಟುಂಬ, ಮೇಲೆ ಗ್ರಂಥಾಲಯ. ಅಲ್ಲಿ ಸುಮಾರು 50,000 ಪುಸ್ತಕ ಸೇರಿದವು ಅಂತಾರೆ. ರಮಾಬಾಯಿಗೆ ಆ ಮನೆಯ ಸುಖ ದಕ್ಕಿದ್ದು ಕಡಿಮೆ. 1935ರ ಮೇ 27ರಂದು ಅಲ್ಲೇ ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯೋದಿಲ್ಲ ಅಂತ ಅಂಬೇಡ್ಕರ್ ಘೋಷಿಸಿದರು. ಹಿಂದೂ ಕಾಲೊನಿಯ ನಿವಾಸಿಯೊಬ್ಬರ ಘೋಷಣೆ ಅದು.

ಮುಂದೆ ದೆಹಲಿ, ಸಂವಿಧಾನ. 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ-ಧರ್ಮದ ತಡೆ ಕೂಡದು ಅಂದಿತು. ಆದರೆ ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ, ಹೌಸಿಂಗ್ ಸೊಸೈಟಿಯೂ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಕೊಡೋದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬರೋಡಾದ ಛತ್ರದ ಘಟನೆಯಾಗಿ 88 ವರ್ಷ ಕಳೆದಿತ್ತು.

1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡ ಅಂಬೇಡ್ಕರ್ ಅವರ ದೇಹವನ್ನು ತಂದದ್ದು ರಾಜಗೃಹಕ್ಕೆ. ಮರುದಿನ ದಾದರ್ ಕಡಲತೀರದಲ್ಲಿ ಅಂತ್ಯಕ್ರಿಯೆ. ಇವತ್ತಿಗೂ ಡಿಸೆಂಬರ್ 6ಕ್ಕೆ ಲಕ್ಷಾಂತರ ಜನ ದಾದರ್‌ಗೆ ಬರ್ತಾರೆ. 2020ರ ಜುಲೈನಲ್ಲಿ ಇದೇ ಮನೆಗೆ ನುಗ್ಗಿದವರು ಹೂಕುಂಡ, ಸಿಸಿಟಿವಿ ಒಡೆದು ಹೋದರು.

ಬಾಡಿಗೆ ಮನೆ ನೋಡೋಕೆ ಹೋದಾಗ ಅಡ್ಡಹೆಸರು, ಊಟ, ಊರು ಕೇಳೋದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅಂಬೇಡ್ಕರ್ ಫೋಟೋಗೆ ಹಾರ ಹಾಕುವ ಪಕ್ಷಗಳಿಗೆ ಇದರ ವಿರುದ್ಧ ಕಾನೂನು ತರೋದು ಕಷ್ಟದ ಕೆಲಸವೇನಲ್ಲ. ಮುಂದಿನ ಸಲ ಮತ ಕೇಳೋಕೆ ಬಂದಾಗ ಮೊದಲು ಇದನ್ನೇ ಕೇಳಿ.