ನಿಮ್ಮ ವಾಕಿಂಗ್ ಹಾಡಿನ ‘ಬೀಟ್’ ಲೆಕ್ಕ ಎಲ್ಲಿಂದ ಬಂತು? ಮೆಟ್ರೋನೋಮ್ ಹಿಂದಿನ ಅರ್ಧಸತ್ಯ

ವಾಕಿಂಗ್ ಹೋಗುವಾಗ ನಿಮಿಷಕ್ಕೆ 100 ಬೀಟ್ ಇರುವ ಹಾಡು ಹಾಕಿಕೊಳ್ಳಿ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಸಲಹೆ ಸರಿಯಾಗಿಯೇ ಇದೆ. ಆದರೆ ತಾಳವನ್ನು ಹೀಗೆ ನಿಮಿಷದ ಲೆಕ್ಕದಲ್ಲಿ ಅಳೆಯುವುದನ್ನು ಜಗತ್ತಿಗೆ ರೂಢಿ ಮಾಡಿಸಿದ್ದು ಯಾರು ಎಂದು ನಾವು ಹುಡುಕಹೊರಟಾಗ ಸಿಕ್ಕಿದ ಹೆಸರು ಯೋಹಾನ್ ನೆಪೋಮುಕ್ ಮೆಲ್ಜೆಲ್. ಮೆಟ್ರೋನೋಮ್ ಕಂಡುಹಿಡಿದವನು ಎಂದೇ ಈತನ ಖ್ಯಾತಿ. ಅದು ಅರ್ಧ ಮಾತ್ರ ನಿಜ.

ಮೆಲ್ಜೆಲ್ ಹುಟ್ಟಿದ್ದು 1772ರಲ್ಲಿ, ಜರ್ಮನಿಯ ರೆಗೆನ್ಸ್‌ಬರ್ಗ್‌ನಲ್ಲಿ. ತಂದೆ ಆರ್ಗನ್ ವಾದ್ಯ ತಯಾರಿಸುತ್ತಿದ್ದರು. ಇಪ್ಪತ್ತರ ವಯಸ್ಸಿಗೆ ವಿಯೆನ್ನಾ ಸೇರಿದ ಮಗ, ತಾನೇ ತಾನಾಗಿ ನುಡಿಯುವ ವಾದ್ಯಯಂತ್ರಗಳನ್ನು ಮಾಡಿ ಹೆಸರು ಗಳಿಸಿದ. ಕಿವಿ ಮಂದವಾಗುತ್ತಿದ್ದ ಬೀಥೋವನ್‌ಗೆ ಕೇಳಲು ನೆರವಾಗುವ ಕೊಳವೆಗಳನ್ನು ಮಾಡಿಕೊಟ್ಟವನೂ ಈತನೇ. ಆಮೇಲೆ ಒಂದು ಕೃತಿಯ ಹಕ್ಕಿನ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು. ಅದು ಬೇರೆಯೇ ಕಥೆ.

ತಾಳ ತೋರಿಸುವ ಯಂತ್ರಕ್ಕೆ ಒಂದು ತೊಡಕಿತ್ತು. ಸಾಮಾನ್ಯ ಲೋಲಕದಿಂದ ನಿಮಿಷಕ್ಕೆ 60 ಬಡಿತ ಬರಬೇಕಾದರೆ ಸುಮಾರು ಒಂದು ಮೀಟರ್ ಉದ್ದದ ದಾರ ಬೇಕು, 40 ಬಡಿತಕ್ಕೆ ಎರಡು ಮೀಟರಿಗೂ ಹೆಚ್ಚು. ಮೇಜಿನ ಮೇಲೆ ಇಡುವುದು ಹೇಗೆ? ಇದನ್ನು ಬಿಡಿಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಡೀಟ್ರಿಕ್ ವಿಂಕೆಲ್, 1814ರಲ್ಲಿ. ಕಡ್ಡಿಯ ಎರಡೂ ಕಡೆ ತೂಕವಿಟ್ಟು ನಡುವೆ ತಿರುಗಣಿ ಕೊಟ್ಟರೆ ಗಿಡ್ಡ ಕಡ್ಡಿಯೂ ನಿಧಾನವಾಗಿ ತೂಗುತ್ತದೆ. ಮೇಲಿನ ತೂಕವನ್ನು ಇನ್ನೂ ಮೇಲಕ್ಕೆ ಸರಿಸಿದರೆ ವೇಗ ಮತ್ತಷ್ಟು ಇಳಿಯುತ್ತದೆ.

ಮೆಲ್ಜೆಲ್ ಇದನ್ನು ನೋಡಿ ಹಕ್ಕು ಕೊಳ್ಳಲು ಕೇಳಿದ, ವಿಂಕೆಲ್ ಒಪ್ಪಲಿಲ್ಲ. ಈತ ಅದಕ್ಕೆ ಅಂಕಿಗಳ ಪಟ್ಟಿ ಸೇರಿಸಿ 1815ರಲ್ಲಿ ತನ್ನ ಹೆಸರಿಗೇ ಪೇಟೆಂಟ್ ಮಾಡಿಸಿಕೊಂಡ! ಮುಂದೆ ಡಚ್ ತಜ್ಞರು ವಿಂಕೆಲ್ ಪರವಾಗಿ ತೀರ್ಪು ಕೊಟ್ಟರೂ, ಅಷ್ಟರಲ್ಲಿ ಪೆಟ್ಟಿಗೆ ಯುರೋಪಿನ ತುಂಬ ಹರಡಿತ್ತು. 1817ರಲ್ಲಿ ಬೀಥೋವನ್ ತನ್ನ ಸಿಂಫನಿಗಳಿಗೆ ಅದರ ಅಂಕಿಗಳನ್ನೇ ಪ್ರಕಟಿಸಿದ್ದ. ಅಂಕಿಪಟ್ಟಿ, ಪ್ರಚಾರ ಎರಡೂ ಮೆಲ್ಜೆಲ್‌ನವು ಎಂಬುದನ್ನು ನಾವು ಒಪ್ಪುತ್ತೇವೆ. ಮೂಲ ಉಪಾಯ ಮಾತ್ರ ಅವನದಲ್ಲ.

ಚೆಸ್ ಆಡುವ ‘ತುರ್ಕ’ ಎಂಬ ಗೊಂಬೆಯನ್ನೂ ಈತ ಕೊಂಡು ಊರೂರು ತಿರುಗಿಸಿದ. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಆಡಿದ. ಅದು ಯಂತ್ರವೇ ಅಲ್ಲ, ಪೆಟ್ಟಿಗೆಯೊಳಗೆ ಮನುಷ್ಯ ಅಡಗಿ ಕೂತಿರುತ್ತಿದ್ದ. ಅಮೆರಿಕದ ಪ್ರವಾಸಗಳಲ್ಲಿ ಹಾಗೆ ಕೂತು ಆಡುತ್ತಿದ್ದ ಷ್ಲುಂಬರ್ಜೆ 1838ರಲ್ಲಿ ಹವಾನಾದಲ್ಲಿ ಹಳದಿ ಜ್ವರದಿಂದ ತೀರಿಕೊಂಡ. ಅಲ್ಲಿಂದ ಮರಳುವಾಗ, ಅದೇ ಜುಲೈನಲ್ಲಿ, ಮೆಲ್ಜೆಲ್ ಹಡಗಿನಲ್ಲೇ ಸತ್ತ. ದೇಹವನ್ನು ಸಮುದ್ರಕ್ಕೆ ಬಿಟ್ಟರು.

ಈಗ ನಿಮ್ಮ ವಾಕಿಂಗ್‌ಗೆ ಬರೋಣ. ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದರೆ ಮಧ್ಯಮ ಶ್ರಮದ ನಡಿಗೆ ಎಂದು ಅಧ್ಯಯನಗಳು ಹೇಳುತ್ತವೆ. ಬೀಟ್‌ಗೊಂದು ಹೆಜ್ಜೆ ಹಾಕಿ, 15 ಸೆಕೆಂಡಿಗೆ 25 ಹೆಜ್ಜೆ ಆಗುತ್ತದೆಯೇ ಎಣಿಸಿ ನೋಡಿ. ಹಾಡಿಗೆ ಕೊಬ್ಬು ಕರಗಿಸುವ ಶಕ್ತಿಯೇನೂ ಇಲ್ಲ, ಕೆಲಸವೆಲ್ಲ ಕಾಲಿನದು. ನಡೆಯುತ್ತ ಮಾತಾಡಲು ಆಗಬೇಕು, ಆದರೆ ಜೊತೆಗೆ ಹಾಡಲು ಉಸಿರು ಸಾಲಬಾರದು. ಮಾತಿಗೂ ಉಸಿರು ಸಾಲದಿದ್ದರೆ ಇನ್ನೂ ನಿಧಾನದ ಹಾಡು ಆರಿಸಿಕೊಳ್ಳಿ. ರಸ್ತೆಯಲ್ಲಿದ್ದರೆ ಹಾರ್ನ್ ಕೇಳಿಸುವಷ್ಟು ಮಾತ್ರ ವಾಲ್ಯೂಮ್ ಇರಲಿ.